ಮನಸ್ಸು ಮಾಡದ ದೊಣೆ

ಕಣದಲ್ಲಿ ಹುರುಳಿ ಬಡಿಯುವುದು ಇನ್ನೂ ಅರ್ಧ ಉಳಿದಿತ್ತು. ಆದರೂ ಮಾಘದ ಆ ಬೆಳಿಗ್ಗೆ ಕಣದ ಕಡೆ ಯಾರೂ ಹೋಗಲಿಲ್ಲ. ಹಿಂದಿನ ಸಂಜೆಯೇ ಗಾಳಿಯಲ್ಲಿ ಸೀದ ಬೆಲ್ಲದ ವಾಸನೆ ಬಂದಿತ್ತು. ಆ ವಾಸನೆ ಬಂದರೆ ಮರುದಿನ ಹಿಟ್ಟು ಬೀಳುತ್ತದೆ. ಊರಿನ ಹೆಂಗಸರೆಲ್ಲ ಒಗೆದಿಟ್ಟ ಹಳೆಯ ಪಂಚೆ, ಸೀರೆಗಳನ್ನು ಹೊತ್ತು ಹಾಸುಬಂಡೆ ಹತ್ತಿದೆವು. ಬಟ್ಟೆ ಹರಡಿ, ಮೂಲೆಗೊಂದು ಕಲ್ಲು ಹೇರಿ, ನಮ್ಮ ನೆರಳು ಅದರ ಮೇಲೆ ಬೀಳದ ಹಾಗೆ ದೂರ ಸರಿದು ಕೂತು, ಅವರೆಕಾಯಿ ಬಿಡಿಸುತ್ತ ಕಾದೆವು. ಬೆನ್ನಿಗೆ ಬಿಸಿಲು ಚುರುಗುಟ್ಟುವ ಹೊತ್ತಿಗೆ ಅದು ಬೀಳತೊಡಗಿತು. ಮೇಲೆಲ್ಲೋ ಯಾರೋ ಕೂತು ಸದ್ದಿಲ್ಲದೆ ಜರಡಿ ಆಡಿಸುತ್ತಿರುವ ಹಾಗೆ. ಬಣ್ಣ ರಾಗಿ ಹಿಟ್ಟಿನದೇ, ಕಪ್ಪು ಸ್ವಲ್ಪ ಹೆಚ್ಚು. ಅದಕ್ಕೇ ನಾವು ಅದನ್ನು ಬಾನಹಿಟ್ಟು ಅನ್ನುತ್ತೇವೆ.

ನನ್ನ ಪಕ್ಕ ಕೂತಿದ್ದವಳು ಬೊಮ್ಮಜ್ಜಿ. ಪ್ರತಿ ವರ್ಷ ಹಿಟ್ಟು ಬೀಳುವಾಗ ಅವಳಿಗೆ ಹೇಳಬೇಕಾದ ಮಾತನ್ನು ಹೇಳಿದೆ. "ಇನ್ನೂ ಐತೆ ಅಜ್ಜಿ."

ಅವಳು ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ. "ಇರ್ಲಿ ಬಿಡು" ಅಂದಳು. ಅದೂ ಪ್ರತಿ ವರ್ಷದ ಮಾತೇ.

ಅವಳ ಆಚೆ ಕೂತಿದ್ದವಳು ದಾಕ್ಷಾಯಿಣಿ, ಬೊಮ್ಮಜ್ಜಿಯ ಮೊಮ್ಮಗನ ಹೆಂಡತಿ. ಹೊಳೆದಂಡೆಯ ಊರಿನವಳು, ಕಾಲೇಜು ಮೆಟ್ಟಿಲು ಹತ್ತಿದವಳು. ಮದುವೆಯಾಗಿ ಬಂದು ಒಂದು ದೀಪಾವಳಿ ಕಳೆದಿತ್ತಷ್ಟೆ. ಗಂಡ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಜಾಸ್ತಿ. "ಏನಕ್ಕ ಇನ್ನೂ ಇರೋದು?" ಅಂತ ನನ್ನನ್ನು ಕೇಳಿದಳು.

"ನಿಮ್ಮನೆಗೆ ನಾವು ತೀರಿಸ್ಬೇಕಾದ ಸಾಲ ಕಣೆ," ಅಂದೆ.

ನಮ್ಮೂರ ಮಣ್ಣು ತಾನಾಗಿ ಏನನ್ನೂ ಮೊಳೆಸುವುದಿಲ್ಲ. ಬೀಜ ಹಾಕಿದರೆ ಹಾಕಿದ ಹಾಗೇ ಬಿದ್ದಿರುತ್ತದೆ, ಕಲ್ಲಿನ ಜೊತೆ ಕಲ್ಲಾಗಿ. ದೊಣೆಯ ನೀರಿನಲ್ಲಿ ಅದ್ದಿದ ಬೀಜಕ್ಕೆ ಮಾತ್ರ ಮೊಳಕೆ. ಆದ್ದರಿಂದ ಮನೆಗೊಂದು ದೊಣೆ. ಬಂಡೆಯಲ್ಲಿ ತಾನಾಗಿ ಆದ ಗುಳಿ ಅದು. ಕೆಲವು ಹರಿವಾಣದಷ್ಟು, ಕೆಲವು ಬಂಡಿಗಾಲಿಯಷ್ಟು. ಗುಡಿಸಿ ತಂದ ಹಿಟ್ಟನ್ನು ಅದರೊಳಗೆ ಉದುರಿಸಿ, ಬೆರಳಿನ ಒಂದು ಗೆಣ್ಣು ಮುಳುಗುವಷ್ಟು ನೀರು ಹಾಕುತ್ತೇವೆ. ಆಮೇಲೆ ಕೈಕಟ್ಟಿ ಕೂರಬೇಕು. ನೀರು ಬಿಸಿಲಿಗೆ ಆರಿ, ತಳದಲ್ಲಿ ಕೆನೆಗಟ್ಟಿ, ಆ ಕೆನೆ ಒಣಗಿ ಹಪ್ಪಳದ ಹಾಗೆ ಅಂಚು ಎತ್ತಿದ ಮೇಲೆಯೇ ಮತ್ತೆ ನೀರು. ಮತ್ತೆ ಆರಬೇಕು, ಮತ್ತೆ ನೀರು. ಮಾಘದಿಂದ ರೋಹಿಣಿ ಮಳೆಯ ತನಕ ಇದೇ ಕೆಲಸ. ಕಲ್ಲಿನ ಸಂದಿಯಲ್ಲಿ ಉಳಿದ ಹಳೆಯ ಜೀವ ಹಿಟ್ಟು ತಿಂದು ಮತ್ತೆ ಎದ್ದು ಕೂರುತ್ತದೆ. ನಮ್ಮ ದೊಣೆಯಲ್ಲಿ ಕೆಂಪು ನೂಲಿನಂಥದು ಆಡುತ್ತದೆ. ಬೊಮ್ಮಜ್ಜಿಯದು ಹಸಿರು ಎಂದು ಅವಳ ಬಿತ್ತನೆ ಬೀಜದ ಬಣ್ಣ ನೋಡಿ ತಿಳಿದಿದ್ದೆವೇ ಹೊರತು ದೊಣೆಯನ್ನು ನೋಡಿದವರಿಲ್ಲ. ಉಣ್ಣುವವರ ತಟ್ಟೆಗೆ ಕಣ್ಣು ಹಾಕಬಾರದು, ಮತ್ತೊಬ್ಬರ ದೊಣೆಗೂ ಹಾಕಬಾರದು.

ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲು ನಮ್ಮ ಎಮ್ಮೆಯೊಂದು ಹಗ್ಗ ಕಿತ್ತುಕೊಂಡು ಬಂಡೆ ಹತ್ತಿ, ದೊಣೆಯನ್ನು ತಳದವರೆಗೂ ನೆಕ್ಕಿ ಬಂತಂತೆ. ಆ ವರ್ಷ ನಮ್ಮ ಅತ್ತೆ ಬೊಮ್ಮಜ್ಜಿಯ ಬಾಗಿಲಿಗೆ ಹೋಗಿ ಕೇಳಿದಳು. ಬೊಮ್ಮಜ್ಜಿ ತನ್ನ ದೊಣೆಯಿಂದ ಒಂದು ಕರಟ ಜೀವದ ನೀರು ತಂದು ನಮ್ಮ ದೊಣೆಗೆ ಸುರಿದಳು. ಇದು ಹಾಲಿಗೆ ಹೆಪ್ಪು ಕೊಟ್ಟ ಹಾಗೆ. ಆದರೆ ಹೆಪ್ಪಿನ ಹಾಗೆ ಮರುದಿನ ತೀರಿಸುವಂತಿಲ್ಲ. ಕೊಟ್ಟವರ ದೊಣೆ ಸತ್ತಾಗಲೇ ತೀರಿಸಬೇಕು, ಅದೂ ಅವರೇ ಬಂದು ಕೇಳಿದಾಗ. ಕೇಳದೆ ಸುರಿದ ನೀರು ಹತ್ತುವುದಿಲ್ಲ. ಹಾಗಾಗಿ ಇದು ತೀರದಿರಲಿ ಎಂದು ಎರಡೂ ಮನೆಯವರು ಬೇಡಿಕೊಳ್ಳುವ ಸಾಲ. ಆ ಕರಟ ನಮ್ಮ ಅಡುಗೆಮನೆಯ ಗೂಡಿನಲ್ಲಿದೆ. ಸಾಯುವ ಮುಂಚೆ ಅತ್ತೆ ಅದನ್ನೇ ತೋರಿಸಿ, "ಅವರ ದೊಣೆ ತಣ್ಣಗಿರ್ಲಿ ಅಂತ ದಿನಾ ಒಂದು ಸಲ ಅನ್ಕೊ ಓಬಕ್ಕ" ಅಂದಿದ್ದಳು. ನಾನೂ ಅಂದುಕೊಳ್ಳುತ್ತಲೇ ಇದ್ದೆ.

ಹಿಟ್ಟು ಬಿದ್ದು ಮುಗಿದು, ಎಲ್ಲರೂ ಮೊದಲ ನೀರು ಹಾಕಿದ್ದಾಯಿತು. ಅಷ್ಟರಲ್ಲಿ ಬೊಮ್ಮಜ್ಜಿಯ ಮಗಳಿಗೆ ಹೆರಿಗೆಯ ದಿನ ಹತ್ತಿರವಾಗಿ, ಅಜ್ಜಿ ಬಾಣಂತನಕ್ಕೆ ಹೊರಟಳು. ಹೋಗುವಾಗ ದಾಕ್ಷಾಯಿಣಿಗೆ, "ದೊಣೆ ನೋಡ್ಕೊ" ಅಂದಳು. ಅಷ್ಟೇ ಅಂದಳು. ಹೇಗೆ ನೋಡಿಕೊಳ್ಳುವುದು ಅಂತ ನಮ್ಮೂರಲ್ಲಿ ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ತಿಂದದ್ದನ್ನು ನುಂಗು ಅಂತ ಹೇಳಿಕೊಡುತ್ತಾರೆಯೇ?

ಹುಡುಗಿ ನೋಡಿಕೊಂಡಳು. ಅವಳ ತವರಿನಲ್ಲಿ ಮನೆಯ ಕೊಡ ಬರಿದಾಗುವುದು ಕೆಟ್ಟದ್ದು. ಸೊಸೆಯಾದವಳು ಬೆಳಿಗ್ಗೆ ಎದ್ದು ಮೊದಲು ಹಂಡೆ, ಗುಡಾಣ, ತುಳಸಿಯ ಬುಡದ ತಂಬಿಗೆ ಎಲ್ಲ ತುಂಬಬೇಕು. ತಳ ಕಂಡರೆ ಮನೆಗೆ ಆಗುವುದಿಲ್ಲ. ಇವಳು ಬಂಡೆ ಹತ್ತಿ ನೋಡಿದರೆ ಮಧ್ಯಾಹ್ನಕ್ಕೆಲ್ಲ ದೊಣೆಯ ತಳ ಕಾಣುತ್ತಿತ್ತು. ದಿನವೂ ಬಿಂದಿಗೆ ಹೊತ್ತು ಹೋಗಿ ತುಂಬಿದಳು, ಒಂದು ದಿನವೂ ಆರಗೊಡಲಿಲ್ಲ. ಬಿಂದಿಗೆ ಹೊತ್ತು ಹೋಗುವುದನ್ನು ನಾನೂ ಕಂಡಿದ್ದೆ. ಬಂಡೆಯಾಚೆಯ ಕಲ್ಲುಬಾವಿಗೆ ಹೋಗುತ್ತಾಳೆ ಅಂದುಕೊಂಡೆ. ಬಗ್ಗಿ ನೋಡುವ ರೂಢಿ ಇದ್ದಿದ್ದರೆ ಯಾರಾದರೂ ಬಾಯಿ ಬಿಡುತ್ತಿದ್ದರೇನೋ.

ಬೊಮ್ಮಜ್ಜಿ ಶಿವರಾತ್ರಿ ಕಳೆದು ಬಂದಳು. ಬಂಡೆ ಹತ್ತುವ ಮೊದಲೇ ಅವಳಿಗೆ ವಾಸನೆ ಬಡಿಯಿತು. ನೀರು ಕೊಳೆತು ಬೂದುಬಣ್ಣಕ್ಕೆ ತಿರುಗಿತ್ತು, ಹಸಿರು ತಳದಲ್ಲಿ ಕಪ್ಪು ಲೋಳೆಯಾಗಿ ಬಿದ್ದಿತ್ತು. ಅಜ್ಜಿ ಕೂಗಾಡಲಿಲ್ಲ. ನೀರು ಮೊಗೆದು ಹೊರಗೆ ಚೆಲ್ಲಿದಳು. ಸತ್ತ ದೊಣೆಗೆ ಮಾಡಬೇಕಾದ ಹಾಗೆ ಒಳಗೆ ಹುಲ್ಲು ಒಟ್ಟಿ ಬೆಂಕಿ ಕೊಟ್ಟಳು, ಬೂದಿ ಹಾಕಿ ಉಜ್ಜಿದಳು. ಸಂದಿಯಲ್ಲೂ ಏನೂ ಉಳಿಯಲಿಲ್ಲ. ಊರೆಲ್ಲ ಆ ಹೊಗೆ ನೋಡಿತು.

ಬಾವಿಕಟ್ಟೆಯಲ್ಲಿ ಕೆಂಚಕ್ಕ ಸುಮ್ಮನಿರುವವಳಲ್ಲ. "ಹೊಳೆದಂಡೆ ಹೆಣ್ಣು ತಂದ್ರು ನೋಡು, ಅವಳ ಹಿಂದೇನೇ ಹೊಳೆನೂ ಬಂತು" ಅಂದಳು. ದಾಕ್ಷಾಯಿಣಿ ಕೊಡ ತುಂಬಿಕೊಂಡು ತಲೆ ತಗ್ಗಿಸಿ ಹೋದಳು. ಆ ದಿನ ಸಂಜೆಯೇ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಸೆರಗಿನಲ್ಲಿ ಒಂದು ಬಟ್ಟಲು ಮುಚ್ಚಿಕೊಂಡಿದ್ದಳು.

"ಅಕ್ಕ, ಒಂದು ಬಟ್ಟಲು ದೊಣೆ ನೀರು ಕೊಡಿ. ನಾನು ಹಾಕಿಬಿಡ್ತೀನಿ."

"ಕೊಡಾಕೆ ಬರಲ್ಲ ಕಣವ್ವ. ಅಜ್ಜಿ ಬಂದು ಕೇಳ್ಬೇಕು."

"ಅವರು ಕೇಳ್ತಿಲ್ಲವಲ್ಲ ಅಕ್ಕ. ನನಗೆ ಒಂದು ಮಾತೂ ಅಂತಿಲ್ಲ. ಬೈದುಬಿಟ್ರೆ ಎಷ್ಟೋ ವಾಸಿ."

"ಬೈತಾಳೆ ತಡಿ, ಅದಕ್ಯಾಕೆ ಅವಸರ?" ಅಂದೆ. ಅವಳು ಅಳುವಿನ ನಡುವೆಯೇ ನಕ್ಕಳು. ಒಳಗೆ ಕರೆದು ರೊಟ್ಟಿ ಕೊಟ್ಟು ಕಳಿಸಿದೆ. ಬಟ್ಟಲು ಬರಿದೇ ಹೋಯಿತು.

ನನ್ನ ಗಂಡ ಪಾಲಯ್ಯನಿಗೆ ಒಳಗೊಳಗೇ ಹಗುರವಾಗಿತ್ತು. "ಕರಟ ಇಳ್ಸಿ ತೊಳ್ದಿಡು. ನಾಳೆ ಬರ್ತಾಳೆ ಮುದುಕಿ. ನಮ್ಮಪ್ಪನ ಕಾಲದ್ದು, ತೀರಿ ಹೋಗ್ಲಿ" ಅಂದ. ನಾನು ಇಳಿಸಿ ಬೂದಿ ಹಾಕಿ ಬೆಳಗಿ ಇಟ್ಟೆ. ಬೊಮ್ಮಜ್ಜಿ ಮರುದಿನ ಬರಲಿಲ್ಲ. ಆ ವಾರವೂ ಬರಲಿಲ್ಲ. ಯುಗಾದಿ ಬಂತು, ಬೇವುಬೆಲ್ಲ ತಂದುಕೊಟ್ಟಳು, ದೊಣೆಯ ಸುದ್ದಿ ಎತ್ತಲಿಲ್ಲ. ಬಿಸಿಲು ಏರುತ್ತಿತ್ತು. ರೋಹಿಣಿಗೆ ಮೊದಲು ದೊಣೆ ಆಡದಿದ್ದರೆ ಅವಳ ಹೊಲ ಈ ವರ್ಷ ಬೀಳು. ಇಲ್ಲವೇ ಬೇರೆಯವರ ನೀರಲ್ಲಿ ಬೀಜ ಅದ್ದಬೇಕು. ಅದಕ್ಕೆ ಸಾಲವೆನ್ನುವುದಿಲ್ಲ, ಮೊರ ಹೊರುವುದು ಎನ್ನುತ್ತಾರೆ. ಬೇರೆಯವರ ನೀರಲ್ಲಿ ಬಿತ್ತಿದವರು ಸುಗ್ಗಿಯಲ್ಲಿ ಮೊದಲ ಮೊರ ಕಾಳನ್ನು ತಲೆ ಮೇಲೆ ಹೊತ್ತು, ನಡುಬೀದಿಯಲ್ಲಿ ನಡೆದು ಆ ಮನೆಗೆ ಒಪ್ಪಿಸಬೇಕು. ಬೊಮ್ಮಜ್ಜಿಯ ಮನೆಗೆ ಮೊರ ಬಂದದ್ದುಂಟು. ಆ ಮನೆಯಿಂದ ಹೊರಟದ್ದಿಲ್ಲ.

ಕೊನೆಗೆ ನಾನೇ ತಡೆಯಲಾರದೆ ಒಂದು ಬೆಳಿಗ್ಗೆ ಬಂಡೆಯ ಮೇಲೆ ಅವಳನ್ನು ಕೇಳಿದೆ. "ಯಾಕಜ್ಜಿ ಬರಲ್ಲ ನೀನು? ಕರಟ ಬೆಳಗಿಟ್ಟು ಕಾಯ್ತಾ ಇವ್ನಿ."

ಅಜ್ಜಿ ದೂರ ತೋರಿಸಿದಳು. ಸುಟ್ಟು ಕಪ್ಪಾದ ದೊಣೆಯ ಪಕ್ಕ ದಾಕ್ಷಾಯಿಣಿ ತಲೆಗೆ ಸೆರಗು ಸುತ್ತಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಳು. "ಸೋರೆಬುರುಡೆಯಾಗೆ ಒಂದಿಷ್ಟು ಹಿಟ್ಟು ಉಳ್ದಿತ್ತು. ಅದನ್ನ ಹಾಕ್ಕೊಂಡು ಒಣಗಿಸ್ತಾ ಕೂತವಳೆ. ಈಗ ಕಲ್ತವಳೆ ನೋಡು, ಅಂಚು ಎದ್ದ ಮೇಲೇನೇ ನೀರು."

"ಬರೀ ಹಿಟ್ಟಿನಾಗೆ ಏನು ಎದ್ದೀತು ಅಜ್ಜಿ? ಹಳೇದು ಒಂಚೂರು ಇರ್ಬೇಕಲ್ಲ."

"ಮೊಟ್ಟಮೊದಲ್ನೇ ದೊಣೆಗೆ ಹಳೇದು ಯಾರು ತಂದ್ಕೊಟ್ಟಿದ್ರೆ?" ಅಂದಳು ಅಜ್ಜಿ. ಆಮೇಲೆ ದನಿ ತಗ್ಗಿಸಿದಳು. "ಈಗ್ಲೇ ನಿನ್ನ ಕರಟ ತಂದು ಸುರುವಿದ್ರೆ, ಸಾಯೋಗಂಟ ದೊಣೆ ಕೊಂದವಳು ಅನ್ನಿಸ್ಕೊತಾಳೆ. ತಾನೇ ಎಬ್ಬಿಸಿದ್ರೆ ಯಾರೂ ಉಸಿರೆತ್ತಲ್ಲ. ರೋಹಿಣಿಗೆ ಇನ್ನೂ ಹೊತ್ತೈತೆ. ಆಡ್ಲಿ ಬಿಡು."

ನಾವಿಬ್ಬರೂ ಹತ್ತಿರ ಹೋದೆವು. ಬಗ್ಗಿ ನೋಡಬಾರದು ಅಂತ ನಾನು ಹಿಂದೆ ನಿಂತರೆ ದಾಕ್ಷಾಯಿಣಿಯೇ ಕೈ ಹಿಡಿದು ಎಳೆದಳು. "ಸತ್ತ ದೊಣೆಗೆ ದೃಷ್ಟಿ ಏನಕ್ಕ, ನೋಡಿ." ನೋಡಿದೆ. ಕಂದು ಕೆನೆ, ಅಂಚು ಸುರುಳಿ ಸುತ್ತಿತ್ತು. ಅಷ್ಟೇ.

ಅವಳು ಮಾತ್ರ ಕಾಲೇಜಿನಲ್ಲಿ ಓದಿದ್ದನ್ನು ಹೇಳುತ್ತ ಹೋದಳು. ಈ ಹಿಟ್ಟು ಎಲ್ಲಿಯದು ಅಂದರೆ, ನಕ್ಷತ್ರಗಳ ನಡುವೆ ಏನೂ ಇಲ್ಲ ಅನ್ನುವ ಕಡೆಯದು. ಅಲ್ಲಿ ದೂಳಿನ ಕಣದ ಮೇಲೆ ಮಂಜು ಕಟ್ಟಿ, ಆ ಮಂಜಿಗೆ ನಕ್ಷತ್ರದ ಬೆಳಕು ತಾಗಿ ತಾಗಿ, ಎಷ್ಟೋ ಕಾಲ ಬೆಂದು ಆದದ್ದು. ಬೆಂಕಿಯಿಲ್ಲದೆ, ಚಳಿಯಲ್ಲೇ. ನಮ್ಮ ಮೈ ಯಾವುದರಿಂದ ಆಗಿದೆಯೋ ಆ ಸಾಮಾನೆಲ್ಲ ಅದರಲ್ಲಿ ಚೂರುಚೂರು ಇದೆ. ಜೀವ ಮಾತ್ರ ಇಲ್ಲ.

"ಅಂಗಡಿ ಸಾಮಾನು ತಂದ ಹಂಗಾತು" ಅಂದಳು ಬೊಮ್ಮಜ್ಜಿ. "ಬೇಳೆ, ಮೆಣಸಿನಕಾಯಿ, ಹುಣಸೆಹಣ್ಣು ಎಲ್ಲಾ ಚೀಲದಾಗೆ ಐತೆ. ಸಾರು ಇಲ್ಲ."

"ಹೌದಜ್ಜಿ, ಅದೇ. ಈ ಒಣಗಿಸೋದು ಇದೆಯಲ್ಲ, ಅದೇ ಒಲೆ. ನೀರು ಜಾಸ್ತಿ ಇದ್ರೆ ಎಲ್ಲಾ ದೂರ ದೂರ ಈಜ್ತಾ ಇರ್ತವೆ. ನೀರು ಆರಿದ್ರೆ ಜಾಗ ಸಾಲದೆ ಒಂದಕ್ಕೊಂದು ಅಂಟ್ಕೊಳ್ತವೆ. ಮತ್ತೆ ನೀರು ಬಿದ್ರೂ ಕೆಲವು ಬಿಡಲ್ಲ, ಹಿಡ್ಕೊಂಡೇ ಇರ್ತವೆ. ಹಾಗೇ ಉದ್ದ ಆಗ್ತಾ ಹೋಗ್ತವೆ." ಹೇಳುತ್ತ ಹೇಳುತ್ತ ಅವಳ ಮುಖ ಸಣ್ಣಗಾಯಿತು. "ಪುಸ್ತಕದಲ್ಲಿ ಇದನ್ನೇ ಓದಿ ಪರೀಕ್ಷೆ ಬರೆದಿದ್ದೆ ಅಕ್ಕ. ನಮ್ಮ ದೊಣೆಯ ವಿಷಯ ಅಂತ ತಲೆಗೇ ಹೋಗಲಿಲ್ಲ. ಕೊಡ ಬರಿದಾಗ್ತಿದೆ ಅಂತಷ್ಟೇ ಕಂಡಿತು."

"ನಮಗೂ ಹಿಂಗೆ ಅಂತ ಗೊತ್ತಿತ್ತೇ ಹೊರತು ಯಾಕೆ ಅಂತ ಯಾರಿಗೆ ಗೊತ್ತಿತ್ತು?" ಅಂದಳು ಅಜ್ಜಿ. "ನೀರು ಹಾಕು, ಅಂಚು ಎದ್ದೈತೆ."

ಚೈತ್ರ ಕಳೆಯಿತು. ಬಂಡೆ ಕಾದು ಬರಿಗಾಲು ಇಡದ ಹಾಗಾಯಿತು. ಅಜ್ಜಿ ಬೆಳಗಿನ ಹೊತ್ತು, ಹುಡುಗಿ ಇಳಿಹೊತ್ತು, ಸರದಿಯ ಮೇಲೆ ದೊಣೆಯ ಬಳಿ ಕೂರುತ್ತಿದ್ದರು. ಮಾತಿಲ್ಲದಿದ್ದ ಆ ಮನೆಯಲ್ಲಿ ಈಗ ಮಾತು ನಿಲ್ಲುತ್ತಿರಲಿಲ್ಲ. ಎಷ್ಟು ನೀರು, ಎಷ್ಟು ಹೊತ್ತು, ಇವತ್ತು ಕೆನೆ ದಪ್ಪವೋ ತೆಳುವೋ, ಇದೇ ಜಗಳ. ಊರಿನವರು ನೋಡಿ ನಗುತ್ತಿದ್ದರು. ಪಾಲಯ್ಯ ಕರಟದ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದ.

ಭರಣಿ ಮಳೆ ನಾಲ್ಕು ಹನಿ ಹಾಕಿ ಹೋದ ಮಾರನೆಯ ದಿನ ದಾಕ್ಷಾಯಿಣಿ ಬೀದಿಯಲ್ಲಿ ಓಡಿಬಂದು ನನ್ನನ್ನು ಎಳೆದುಕೊಂಡು ಹೋದಳು. ಅಜ್ಜಿ ಆಗಲೇ ಬಂಡೆಯ ಮೇಲೆ ಮೊಣಕಾಲೂರಿ ಕೂತಿದ್ದಳು. ದೊಣೆಯ ನೀರಿನಲ್ಲಿ ಗುಳ್ಳೆಗಳಿದ್ದವು. ಸೋಪಿನ ಗುಳ್ಳೆಯ ಹಾಗೆ ಒಡೆಯುವವಲ್ಲ. ಸಾಸಿವೆಗಿಂತ ಚಿಕ್ಕವು, ತೆಳ್ಳನೆಯ ಸಿಪ್ಪೆಯೊಳಗೆ ಕಂದು ಬಣ್ಣ ತುಂಬಿಕೊಂಡಂಥವು. ಕಡ್ಡಿಯಿಂದ ಮೆಲ್ಲನೆ ಕದಡಿದರೆ ದೂರ ಸರಿದು ಮತ್ತೆ ಗುಂಪು ಕೂಡುತ್ತಿದ್ದವು. ನೋಡುತ್ತಿದ್ದ ಹಾಗೆ ಒಂದು ಉದ್ದವಾಗಿ, ನಡುವೆ ಸಣ್ಣಗಾಗಿ, ಎರಡಾಯಿತು. ಆಮೇಲೆ ಎಷ್ಟು ಹೊತ್ತು ಕಾದರೂ ಮತ್ತೊಂದು ಹಾಗೆ ಮಾಡಲಿಲ್ಲ.

"ಬದುಕೈತಾ?" ಅಂತ ಕೇಳಿದೆ.

"ಇಲ್ಲ ಅಕ್ಕ. ಬದುಕಿಲ್ಲ" ಅಂದಳು ಹುಡುಗಿ. "ಸತ್ತಿಲ್ಲ ಕೂಡ."

ಬೊಮ್ಮಜ್ಜಿ ತುಂಬ ಹೊತ್ತು ನೋಡಿದಳು. "ಇನ್ನೂ ಮನಸ್ಸು ಮಾಡಿಲ್ಲ" ಅಂದಳು.

ಅಜ್ಜಿ ಒಂದು ಜೋಳದ ಕಾಳನ್ನು ಅದರಲ್ಲಿ ಅದ್ದಿ ಹಿತ್ತಲ ಮಣ್ಣಿಗೆ ಊರಿದಳು. ಕಾಳು ಹಾಗೇ ಉಳಿಯಿತು. ಮನಸ್ಸು ಮಾಡದ ನೀರಿಗೆ ಬೀಜ ಎಬ್ಬಿಸುವ ಶಕ್ತಿಯಿಲ್ಲ. ಕೃತ್ತಿಕೆ ಮಳೆ ಗುಡುಗುತ್ತಲೇ ಕಳೆಯಿತು. ಊರಿನ ದೊಣೆಗಳೆಲ್ಲ ಆಡುತ್ತಿದ್ದವು, ಎಲ್ಲರ ಜಗುಲಿಯಲ್ಲಿ ಬೀಜದ ಬುಟ್ಟಿ ಇಳಿದಿತ್ತು. ನಮ್ಮ ಕೆಂಪು ನೂಲಂತೂ ಆ ವರ್ಷ ದೊಣೆಯ ಅಂಚಿನವರೆಗೆ ತುಂಬಿ ತುಳುಕುತ್ತಿತ್ತು.

ರೋಹಿಣಿಯ ಮೋಡ ಕಟ್ಟಿದ ಬೆಳಿಗ್ಗೆ ಬೊಮ್ಮಜ್ಜಿ ನಮ್ಮ ಮನೆಗೆ ಬಂದಳು. ಹಿಂದೆ ದಾಕ್ಷಾಯಿಣಿ ತಲೆಯ ಮೇಲೆ ಬುಟ್ಟಿ ಹೊತ್ತಿದ್ದಳು. ಪಾಲಯ್ಯ ಎದ್ದು ನಿಂತ. ನಾನು ಒಳಗೆ ಓಡಿ ಕರಟ ತಂದು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅತ್ತೆಯ ಮುಖ ಕಣ್ಣ ಮುಂದೆ ಬಂತು. ಕೇಳುವ ಮಾತು ಅಜ್ಜಿಯ ಬಾಯಿಂದ ಬರಲಿ ಅಂತ ಕಾದೆ.

ದಾಕ್ಷಾಯಿಣಿಯೇ ಮೊದಲು ಬಾಯಿ ಬಿಟ್ಟಳು. "ಕೇಳಿಬಿಡಿ ಅಜ್ಜಿ. ದಾರಿಯುದ್ದಕ್ಕೂ ಅದನ್ನೇ ಹೇಳ್ತಾ ಬಂದೆ. ನನ್ನ ಗುಳ್ಳೆ ಹೋದ್ರೆ ಹೋಗಲಿ, ಹೊಲ ದೊಡ್ಡದು."

"ಗುಳ್ಳೆ ಯಾಕೆ ಹೋಗ್ತವೆ?" ಅಂತ ಪಾಲಯ್ಯ ಕೇಳಿದ.

"ಬದುಕಿರೋದನ್ನ ತಂದು ಸುರಿದ್ರೆ ಬದುಕದೇ ಇರೋದನ್ನ ತಿಂದುಬಿಡುತ್ತೆ ಮಾವ. ಒಂದು ಬೆಳಗಾಗೋದ್ರಲ್ಲಿ. ನಿಮ್ಮ ಕೆಂಪಿಗೆ ಅದು ಬರೀ ಹಿಟ್ಟು ಅಷ್ಟೆ."

ಬೊಮ್ಮಜ್ಜಿ ನನ್ನ ಕೈಯ ಕರಟವನ್ನು ನೋಡಿದಳು. ಆಮೇಲೆ ಹುಡುಗಿಯ ತಲೆಯ ಬುಟ್ಟಿಯನ್ನು ತಾನೇ ಇಳಿಸಿ ನಮ್ಮ ಜಗುಲಿಯ ಮೇಲೆ ಇಟ್ಟಳು. ಬುಟ್ಟಿಯಲ್ಲಿ ಬಿತ್ತನೆಯ ಜೋಳ, ರಾಗಿ ಬೇರೆ ಬೇರೆ ಗಂಟು ಕಟ್ಟಿದ್ದವು.

"ಓಬಕ್ಕ, ಇದನ್ನ ನಿನ್ನ ದೊಣೆಯಾಗೆ ಅದ್ದಿಕೊಡು" ಅಂದಳು.

ಸರಿಯಾಗಿ ಕೇಳಿಸಿಕೊಂಡೆನೇ ಅನ್ನಿಸಿತು. "ಅಜ್ಜಿ, ಕರಟ ಇಲ್ಲೈತೆ. ಇದು ನಿನ್ನದು. ಇದನ್ನ ಕೇಳು."

"ಕರಟ ಕೇಳಾಕೆ ಬಂದಿಲ್ಲ. ಬೀಜ ಅದ್ದಾಕೆ ಬಂದೀನಿ."

"ಮೊರ ಹೊರ್ಬೇಕಾಗ್ತೈತೆ ಅಜ್ಜಿ!" ಅಂದ ಪಾಲಯ್ಯ. ಅವನಿಗೇ ನಾಚಿಕೆಯಾದ ಹಾಗೆ ಕಂಡಿತು.

"ಹೊರ್ತೀನಿ ಕಣಪ್ಪ. ಕುತ್ತಿಗೆ ಇನ್ನೂ ಗಟ್ಟಿ ಐತೆ" ಅಂದಳು. ದಾಕ್ಷಾಯಿಣಿ ಅವಳ ತೋಳು ಹಿಡಿದು, ಬೇಡ ಅಜ್ಜಿ, ಬೇಡ ಅನ್ನುತ್ತಿದ್ದಳು. ಅಜ್ಜಿ ಕೈ ಬಿಡಿಸಿಕೊಳ್ಳದೆ ನಿಂತೇ ಮಾತಾಡಿದಳು. "ಅದು ಯಾರನ್ನೂ ಕೇಳ್ದೆ, ಯಾರ ಹೆಪ್ಪೂ ಇಲ್ದೆ, ಅಷ್ಟು ದೂರದಿಂದ ಬಂದು ನನ್ನ ದೊಣೆಯಾಗೆ ಕೂತು ಯೋಚ್ನೆ ಮಾಡ್ತಾ ಐತೆ. ಅದನ್ನ ನಾನು ನಿಮ್ಮ ಕೆಂಪಿನ ಬಾಯಿಗೆ ಹಾಕ್ಲಾ? ಒಂದು ವರ್ಷ ಕೊಡಾನ. ಎರಡು ಕೊಡಾನ."

ನಾನು ಬುಟ್ಟಿ ಹೊತ್ತು ಬಂಡೆ ಹತ್ತಿದೆ. ಒಂದೊಂದೇ ಗಂಟನ್ನು ನಮ್ಮ ದೊಣೆಯಲ್ಲಿ ಮುಳುಗಿಸಿ ಎತ್ತಿದೆ. ಬೊಮ್ಮಜ್ಜಿಯ ಜೋಳ ಮೊದಲ ಸಲ ಕೆಂಪಗಾಯಿತು. ಅವಳು ಒಂದು ಕಾಳು ತೆಗೆದು ಅಂಗೈಯಲ್ಲಿ ಹೊರಳಿಸಿ ನೋಡಿ, "ನಮ್ಮನೆ ಹಸುರು ನಿಮ್ಮನೆಗೆ ಬಂದು ಕೆಂಪಾಗೈತೆ. ನಿಮ್ಮತ್ತೆ ಅಡುಗೇನೂ ಹಿಂಗೇ, ಯಾವಾಗ್ಲೂ ಖಾರ ಜಾಸ್ತಿ" ಅಂದು ನಕ್ಕಳು. ಆ ದಿನ ಮಧ್ಯಾಹ್ನಕ್ಕೆ ಮಳೆ ಹಿಡಿಯಿತು. ದೊಣೆಗಳಿಗೆಲ್ಲ ಚಪ್ಪಡಿ ಮುಚ್ಚಿದೆವು. ಹುಡುಗಿ ತನ್ನದಕ್ಕೆ ಚಪ್ಪಡಿಯ ಮೇಲೆ ಹುಲ್ಲನ್ನೂ ಹೊದಿಸಿದಳು.

ಬೆಳೆ ಚೆನ್ನಾಗಿಯೇ ಬಂತು. ಮಾರ್ಗಶಿರದಲ್ಲಿ ಕಣ ಮಾಡಿ ಮೊದಲ ರಾಶಿ ತೂರಿದ ದಿನ ಬೊಮ್ಮಜ್ಜಿ ಮೊರ ಹೊತ್ತು ಹೊರಟಳಂತೆ. ಮೊರ ಹೊರಬೇಡ ಅಂತ ನಾನು ಮೊದಲೇ ಹೇಳಿ ಕಳಿಸಿದ್ದೆ, ಕೇಳಲಿಲ್ಲ. ದಾಕ್ಷಾಯಿಣಿ ತಾನು ಹೊರುತ್ತೇನೆ ಅಂದದ್ದಕ್ಕೂ ಒಪ್ಪಲಿಲ್ಲ. ಬೇಕಾದರೆ ಪಕ್ಕದಲ್ಲಿ ನಡಿ, ಅಂದಳಂತೆ. ನಡುಬೀದಿಯಲ್ಲಿ ಜನ ಕೆಲಸ ಬಿಟ್ಟು ನಿಂತರು. ಬಾವಿಕಟ್ಟೆಯ ಹತ್ತಿರ ಕೆಂಚಕ್ಕ, "ಏನಜ್ಜಿ, ನೀನೂ ಹೊತ್ಯಾ?" ಅಂದಳು. "ಭಾರ ಎಷ್ಟೈತೆ ನೋಡ್ತೀಯಾ? ಹಿಡ್ಕೊ ಬಾ" ಅಂದಳು ಅಜ್ಜಿ. ಕೆಂಚಕ್ಕ ಏನು ನೆನೆದಳೋ, ಕೊಡ ಕೆಳಗಿಟ್ಟು ಬಂದು ಮೊರದ ಒಂದು ಅಂಚಿಗೆ ಕೈ ಕೊಟ್ಟು ನಮ್ಮ ಬಾಗಿಲವರೆಗೂ ನಡೆದಳು. ನಾನು ಹೊಸ್ತಿಲಲ್ಲಿ ನಿಂತು ಮೊರ ಇಳಿಸಿಕೊಂಡೆ. ಕಾಳು ಸುರುವಿಕೊಂಡು, ಬರಿಮೊರ ಕೊಡಬಾರದೆಂದು ಎಲೆಅಡಿಕೆ, ಒಂದು ಅಚ್ಚು ಬೆಲ್ಲ ಇಟ್ಟು ಕೊಟ್ಟೆ.

ಕೂತು ನೀರು ಕುಡಿದ ಮೇಲೆ ಕೇಳಿದೆ. "ದೊಣೆ ಹೆಂಗೈತೆ?"

"ನಿನ್ನೆ ಚಪ್ಪಡಿ ಸರಿಸಿ ನೋಡಿದ್ವಿ ಅಕ್ಕ" ಅಂದಳು ದಾಕ್ಷಾಯಿಣಿ. "ಇವೆ. ಮೊದಲಿಗಿಂತ ಒಂಚೂರು ಜಾಸ್ತಿ ಅನ್ನಿಸುತ್ತೆ. ಇನ್ನೂ ಏನೂ ಗೊತ್ತಾಗಲ್ಲ."

"ಮಾಘಕ್ಕೆ ಹಿಟ್ಟು ಬೀಳ್ಲಿ, ನೋಡಾನ" ಅಂದಳು ಅಜ್ಜಿ.

ನಾನು ಗೂಡಿನಿಂದ ಕರಟ ತಂದು ಅವಳ ಮುಂದೆ ಹಿಡಿದೆ. "ಇನ್ನೂ ಐತೆ ಅಜ್ಜಿ" ಅಂದೆ.

ಅವಳು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಎಲ್ಲಾದರೂ ಬಿರುಕು ಬಿಟ್ಟಿದೆಯೋ ಎಂದು ಬೆರಳಗೆಣ್ಣಿನಿಂದ ತಟ್ಟಿದಳು. ಟಣ್ ಅಂದಿತು. ನನ್ನ ಕೈಗೇ ವಾಪಸು ಇಟ್ಟಳು.

"ಗಟ್ಟಿಯಾಗೈತೆ. ಇರ್ಲಿ ಬಿಡು."